ಬೀರುವಿನಿಂದ ಕೈಗೆ ಬಂದ ಶಂಕು: ಮಾದರಿಗಳು ರೇಖಾಗಣಿತ ಕಲಿಸುವುದು ಹೇಗೆ?

ರಾತ್ರಿ 8 ಗಂಟೆಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬರುತ್ತದೆ: ನಾಳೆ ಗಣಿತದ ಮಾಡೆಲ್ ತರಬೇಕು, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಕ್ಕೆ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ, ಹೈಸ್ಕೂಲು ಮಕ್ಕಳಿರುವ ಮನೆಗೆ ಇದು ಹೊಸದಲ್ಲ. ಅಪ್ಪ ಸ್ಕೂಟರ್ ತೆಗೆದು ಸ್ಟೇಷನರಿ ಅಂಗಡಿಗೆ ಓಡುತ್ತಾರೆ. ಥರ್ಮೋಕೋಲ್ ಶೀಟು, ಬಣ್ಣದ ಕಾಗದ, ಗೋಂದು ಬರುತ್ತವೆ. ಅಮ್ಮ ಕತ್ತರಿಸುತ್ತಾರೆ, ಮಗು ಅಂಟಿಸುತ್ತದೆ. 11 ಗಂಟೆಗೆ ಒಂದು ಶಂಕು, ಒಂದು ಘನ, ಒಂದು ಸಿಲಿಂಡರ್ ರೆಡಿ. ಮರುದಿನ ಅವು ಶಾಲೆಯ ಬೀರುವಿನ ಮೇಲೆ ಕೂರುತ್ತವೆ. ಆಮೇಲೆ ಅವನ್ನು ಯಾರೂ ಮುಟ್ಟುವುದಿಲ್ಲ.

ನಮ್ಮ ಪಕ್ಕದ ಮನೆಯ ಒಂಬತ್ತನೇ ತರಗತಿ ಹುಡುಗಿ ಇಂಥದ್ದೇ ಒಂದು ಶಂಕು ತಂದು ತೋರಿಸಿದಳು. ಬಹಳ ಅಚ್ಚುಕಟ್ಟಾಗಿತ್ತು. "ಇದರ ವಕ್ರ ಮೇಲ್ಮೈ ವಿಸ್ತೀರ್ಣ ಹೇಗೆ ಕಂಡುಹಿಡೀತಿ ಪುಟ್ಟಿ?" ಅಂದೆ. ಪೈ ಗುಣಿಸು ತ್ರಿಜ್ಯ ಗುಣಿಸು ಓರೆ ಎತ್ತರ ಅಂತ ಥಟ್ಟನೆ ಹೇಳಿದಳು. "ಓರೆ ಎತ್ತರ ಎಲ್ಲಿದೆ, ಬೆರಳಿಟ್ಟು ತೋರಿಸು" ಅಂದಾಗ ಸುಮ್ಮನಾದಳು. ಆಮೇಲೆ ಶಂಕುವಿನ ಒಳಗೆ ಬೆರಳು ಇಳಿಬಿಟ್ಟು, ನಡುವಿನ ನೇರ ಎತ್ತರವನ್ನು ತೋರಿಸಿದಳು. ಜಾಣ ಹುಡುಗಿ. ಶಂಕುವನ್ನು ಅವಳೇ ಅಂಟಿಸಿದ್ದಳು. ಆದರೂ ಕೈಯಲ್ಲಿದ್ದ ವಸ್ತು ಮತ್ತು ಪುಸ್ತಕದಲ್ಲಿದ್ದ ಸೂತ್ರ ಅವಳ ಮಟ್ಟಿಗೆ ಎರಡು ಬೇರೆ ಬೇರೆ ಊರುಗಳಾಗಿದ್ದವು.

ಈ ಎರಡು ಊರಿನ ನಡುವೆ ದಾರಿ ಮಾಡುವುದೇ ಮಾದರಿಯ ಕೆಲಸ. ಆ ದಾರಿ ಹೇಗೆ ಆಗುತ್ತದೆ, ಎಲ್ಲಿ ಆಗುವುದಿಲ್ಲ ಅಂತ ಒಂದೊಂದಾಗಿ ನೋಡೋಣ.

ಮಾದರಿ ಅಂದರೆ ಯಾವುದು?

ರೇಖಾಗಣಿತದ ವಸ್ತುಗಳನ್ನು ನಿಜವಾಗಿ ಯಾರೂ ಮುಟ್ಟಿಲ್ಲ. ಬಿಂದುವಿಗೆ ಅಗಲ ಇಲ್ಲ, ರೇಖೆಗೆ ದಪ್ಪ ಇಲ್ಲ, ಸಮತಲಕ್ಕೆ ಕೊನೆ ಇಲ್ಲ. ಇವೆಲ್ಲ ಮನಸ್ಸಿನಲ್ಲಿ ಹಿಡಿಯಬೇಕಾದ ವಿಷಯಗಳು. ಅವುಗಳ ಬದಲಿಗೆ ನಿಲ್ಲುವ, ಕೈಗೆ ಸಿಗುವ ವಸ್ತುವೇ ಮಾದರಿ. ರೇಖೆಯ ಬದಲು ಒಂದು ಪೊರಕೆ ಕಡ್ಡಿ. ಬಿಂದುವಿನ ಬದಲು ಎರಡು ಕಡ್ಡಿ ಸೇರುವ ಮೂಲೆ. ಸಮತಲದ ಬದಲು ಒಂದು ಹಾಳೆ.

ಅಂಗಡಿಯ ಪ್ಲಾಸ್ಟಿಕ್ ಸೆಟ್ಟೇ ಆಗಬೇಕು ಅಂತಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಗೋಪುರದಂತೆ ಸುರಿದಿಟ್ಟ ಕುಂಕುಮ ಒಂದು ಶಂಕು. ಅಡುಗೆಮನೆಯ ಪಾವು ಒಂದು ಸಿಲಿಂಡರ್. ಮೈಸೂರು ಪಾಕಿನ ತುಂಡು ಒಂದು ಆಯತಘನ. ಚನ್ನಪಟ್ಟಣದ ಬಣ್ಣದ ಬುಗುರಿ ಕೈಗೆ ಸಿಕ್ಕರೆ ಇನ್ನೂ ಒಳ್ಳೆಯದು: ಹೆಚ್ಚುಕಡಿಮೆ ಮೇಲೆ ಅರ್ಧಗೋಳ, ಕೆಳಗೆ ಶಂಕು. ಹತ್ತನೇ ತರಗತಿ ಪುಸ್ತಕದ ಬುಗುರಿ ಲೆಕ್ಕದಲ್ಲಿ ಬರುವುದೂ ಇದೇ ಆಕಾರ.

ಬೀರುವಿನ ಮೇಲೆ ಕೂತ ಮಾದರಿ ನೋಡುವುದಕ್ಕೆ ಚೆಂದ. ಕಲಿಸುವ ಮಾದರಿಯನ್ನು ಮಕ್ಕಳು ಬಿಚ್ಚಬೇಕು, ಮಡಚಬೇಕು, ತುಂಬಬೇಕು, ಒಮ್ಮೊಮ್ಮೆ ಹರಿಯಲೂ ಬೇಕು. ಹಾಗಾಗಿ ಅದು ಅಗ್ಗವಾಗಿದ್ದಷ್ಟೂ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಬೋರ್ಡ್ ಮೇಲಿನ ಘನ ಯಾಕೆ ಕಷ್ಟ?

ಬೋರ್ಡ್ ಮೇಲೆ ಬರೆದ ಘನದ ಚಿತ್ರವನ್ನು ಒಮ್ಮೆ ಮಗುವಿನ ಕಣ್ಣಿನಿಂದ ನೋಡಿ. ಘನಕ್ಕೆ 6 ಮುಖ. ಚಿತ್ರದಲ್ಲಿ ಕಾಣುವುದು 3. ಆ ಮೂರರಲ್ಲಿ ಚೌಕವಾಗಿ ಕಾಣುವುದು ಮುಂದಿನದು ಒಂದೇ. ಉಳಿದ ಎರಡು ಓರೆಯಾದ ಸಮಾಂತರ ಚತುರ್ಭುಜಗಳು. "ಘನದ ಎಲ್ಲ ಮುಖಗಳೂ ಚೌಕ" ಅಂತ ಮೇಷ್ಟ್ರು ಹೇಳುತ್ತಾರೆ. ಬೋರ್ಡ್ ಬೇರೆಯದನ್ನೇ ತೋರಿಸುತ್ತಿದೆ. ಮಗು ಯಾವುದನ್ನು ನಂಬಬೇಕು?

ನಾವು ದೊಡ್ಡವರು ಇಂಥ ಚಿತ್ರಗಳನ್ನು ಓದಿ ಓದಿ ಪಳಗಿದ್ದೇವೆ. ಚುಕ್ಕಿ ಗೆರೆ ಕಂಡರೆ "ಹಿಂದಿನ ಅಂಚು" ಅಂತ ತಾನಾಗಿ ಅರ್ಥವಾಗುತ್ತದೆ. ಅದು ಕಲಿತು ಬಂದದ್ದು, ಅಕ್ಷರ ಕಲಿತಂತೆ. ಕಲಿಯದ ಮಗುವಿಗೆ ಅದು ಬರೀ ಗೆರೆಗಳ ಗೋಜಲು.

ಈಗ ಲೂಡೋ ದಾಳವನ್ನು ಕೈಗೆ ಕೊಡಿ. ಎಣಿಸಲಿ. ಮುಖಗಳು 6. ಪ್ರತಿ ಮುಖಕ್ಕೆ 4 ಅಂಚು, ಅಂದರೆ 24 ಅಂಚು ಅಂತ ಎಷ್ಟೋ ಮಕ್ಕಳು ಹೇಳುತ್ತಾರೆ. ಬೆರಳಿಟ್ಟು ಎಣಿಸಿದರೆ 12 ಬರುತ್ತದೆ. ಯಾಕೆ ಅರ್ಧವಾಯಿತು? ಒಂದೊಂದು ಅಂಚನ್ನೂ ಎರಡೆರಡು ಮುಖ ಹಂಚಿಕೊಂಡಿವೆ, ಪಕ್ಕದ ಮನೆಯವರ ಜೊತೆ ಒಂದೇ ಗೋಡೆ ಇದ್ದಂತೆ. ಮೂಲೆಗಳು, ಅಂದರೆ ಶೃಂಗಗಳು, 8. ಶೃಂಗಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿ: 8 ಕಳೆ 12 ಕೂಡು 6, ಉತ್ತರ 2. ಇಟ್ಟಿಗೆಗೂ ಪಿರಮಿಡ್ಡಿಗೂ ಇದೇ 2 ಬರುತ್ತದೆ. ಆಯಿಲರ್ ಸೂತ್ರ ಅಂತ ಪುಸ್ತಕದಲ್ಲಿರುವುದು ಇದನ್ನೇ. ಬೆರಳಿಟ್ಟು ಎಣಿಸಿದ ಮಗುವಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮೇಷ್ಟ್ರು ಒಂದು ಮೆಟ್ಟಿಲಲ್ಲಿ, ಮಗು ಇನ್ನೊಂದರಲ್ಲಿ

ಒಂದು ಚೌಕವನ್ನು ಓರೆಯಾಗಿ, ಮೂಲೆಯ ಮೇಲೆ ನಿಲ್ಲಿಸಿ ಬರೆಯಿರಿ. "ಇದೇನು?" ಅಂತ ಐದನೇ ತರಗತಿ ಮಗುವನ್ನು ಕೇಳಿ. "ಡೈಮಂಡ್" ಅನ್ನುವ ಉತ್ತರ ಬರುವ ಸಾಧ್ಯತೆ ಜಾಸ್ತಿ. ಚೌಕ ಅಂದರೆ ನೆಟ್ಟಗೆ ಕೂತಿರುವ ಆ ಒಂದು ಚಿತ್ರ ಮಾತ್ರ ಅಂತ ಮಗು ತಿಳಿದಿರುತ್ತದೆ.

ನೆದರ್ಲೆಂಡ್ಸಿನಲ್ಲಿ ಗಣಿತ ಪಾಠ ಮಾಡುತ್ತಿದ್ದ ದಂಪತಿ ಡೀನಾ ಮತ್ತು ಪಿಯರ್ ವಾನ್ ಹೀಲೆ ಇದನ್ನು ಗಮನಿಸಿ, 1957ರಲ್ಲಿ ತಮ್ಮ ಸಂಶೋಧನಾ ಪ್ರಬಂಧಗಳಲ್ಲಿ ವಿವರಿಸಿದರು. ರೇಖಾಗಣಿತದ ತಿಳಿವಳಿಕೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ ಅನ್ನುವುದು ಅವರ ಮಾತು. ಅವರು ಹೇಳುವುದು ಐದು ಮೆಟ್ಟಿಲು. ಶಾಲೆಯ ಮಟ್ಟಿಗೆ ಮೊದಲ ನಾಲ್ಕು ಸಾಕು. ಮೊದಲು ಮಗು ಆಕಾರವನ್ನು ಇಡಿಯಾಗಿ ಗುರುತಿಸುತ್ತದೆ, ಮುಖ ನೋಡಿ ಅಜ್ಜಿಯನ್ನು ಗುರುತಿಸಿದಂತೆ. ಆಮೇಲೆ ಅದರ ಗುಣಗಳನ್ನು ಕಾಣುತ್ತದೆ: ನಾಲ್ಕು ಬದಿ ಸಮ, ನಾಲ್ಕು ಮೂಲೆ ಲಂಬ. ಮೂರನೆಯದರಲ್ಲಿ ಗುಣಗಳ ನಡುವಿನ ಸಂಬಂಧ ಹೊಳೆಯುತ್ತದೆ: ಎಲ್ಲ ಚೌಕವೂ ಆಯತವೇ, ಆದರೆ ಎಲ್ಲ ಆಯತವೂ ಚೌಕವಲ್ಲ. ನಾಲ್ಕನೆಯದು ಸಾಧನೆ, ಅಂದರೆ ತರ್ಕದಿಂದ ಸಿದ್ಧ ಮಾಡುವುದು. ಒಂದನ್ನು ಹಾರಿ ಇನ್ನೊಂದಕ್ಕೆ ಹೋಗಲಾಗದು.

ತೊಂದರೆ ಎಲ್ಲಿ ಅಂದರೆ, ಒಂಬತ್ತನೇ ತರಗತಿಯ ಪುಸ್ತಕ ನಾಲ್ಕನೇ ಮೆಟ್ಟಿಲಿನಲ್ಲಿ ನಿಂತು ಮಾತಾಡುತ್ತದೆ. ಕೇಳುವ ಮಗು ಇನ್ನೂ ಮೊದಲನೆಯದರಲ್ಲೋ ಎರಡನೆಯದರಲ್ಲೋ ಇರಬಹುದು. ಭಾಷೆ ಒಂದೇ, ಮಾತು ಮಾತ್ರ ತಲುಪುವುದಿಲ್ಲ. ಚೌಕದ ಕಾರ್ಡನ್ನು ಕೈಯಲ್ಲಿ ತಿರುಗಿಸಿದ ಮಗು ಅದನ್ನು ಡೈಮಂಡ್ ಅನ್ನುವುದು ಬಿಡುತ್ತದೆ, ಯಾಕೆಂದರೆ ತಿರುಗಿಸುವಾಗ ಏನೂ ಬದಲಾಗಲಿಲ್ಲ ಅಂತ ಅದರ ಕೈಗೇ ಗೊತ್ತು.

ಚಿಕ್ಕ ತರಗತಿಗಳಲ್ಲಿ ಕೈಗೆ ಕೆಲಸ ಕೊಟ್ಟು ಕಲಿಸುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಈಗ ರಾಜ್ಯದ ಸರ್ಕಾರಿ ಶಾಲೆಗಳಲ್ಲಿರುವ ನಲಿ-ಕಲಿ 1995ರಲ್ಲಿ ಶುರುವಾದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರಿಂದ. ಆದರೆ ಎಂಟನೇ ತರಗತಿಗೆ ಬರುವ ಹೊತ್ತಿಗೆ ಕಾರ್ಡು, ಕಡ್ಡಿ, ಮಣಿ ಎಲ್ಲ ಮರೆಯಾಗುತ್ತವೆ. ರೇಖಾಗಣಿತ ನಿಜಕ್ಕೂ ಕಠಿಣವಾಗುವುದು ಅಲ್ಲಿಂದಲೇ, ಅಲ್ವಾ?

ಹಗ್ಗ, ಕಡ್ಡಿ, ವಾಲ್ವ್ ಟ್ಯೂಬು

ಮನೆಗೆ ಪಾಯ ಗುರುತು ಹಾಕುವಾಗ ಗಾರೆ ಕೆಲಸದವರನ್ನು ಗಮನಿಸಿ. ಮೂಲೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರ ಹಿಡಿಯುತ್ತಾರೆ. ಮೂಲೆಯಿಂದ ಒಂದು ಕಡೆಗೆ 3 ಅಡಿ, ಇನ್ನೊಂದು ಕಡೆಗೆ 4 ಅಡಿ ಗುರುತು. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಮಟ್ಟ. ಹೆಚ್ಚು ಬಂದರೆ ಮೂಲೆ ಅಗಲವಾಗಿದೆ, ಕಡಿಮೆ ಬಂದರೆ ಕಿರಿದಾಗಿದೆ.

ಎರಡು ಸಾವಿರ ವರ್ಷಕ್ಕೂ ಹಿಂದೆ ಯಜ್ಞವೇದಿಗೆ ಇಟ್ಟಿಗೆ ಇಡುತ್ತಿದ್ದವರೂ ಹೀಗೇ ಹಗ್ಗ ಹಿಡಿದವರು. ಅವರ ಅಳತೆಯ ಶಾಸ್ತ್ರದ ಹೆಸರೇ ಶುಲ್ಬ. ಶುಲ್ಬ ಅಂದರೆ ಹಗ್ಗ. ಆಯತದ ಉದ್ದ ಮತ್ತು ಅಗಲದ ಮೇಲೆ ಬೇರೆ ಬೇರೆ ಕಟ್ಟಿದ ಚೌಕಗಳೆರಡೂ ಸೇರಿ, ಅದರ ಕರ್ಣದ ಮೇಲೆ ಕಟ್ಟಿದ ಚೌಕಕ್ಕೆ ಸಮ ಅಂತ ಬೌಧಾಯನನ ಶುಲ್ಬಸೂತ್ರ ಹೇಳುತ್ತದೆ. ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯ ಅನ್ನುವುದು ಇದನ್ನೇ. ಗಾರೆಯವರು ಬಳಸುವುದು ಅದರ ವಿಲೋಮವನ್ನು, ಅಂದರೆ ಅದೇ ಮಾತನ್ನು ಹಿಂದುಮುಂದು ಮಾಡಿ: ಬದಿಗಳು 3, 4, 5 ಆದರೆ ಕೋನ 90 ಡಿಗ್ರಿ. ಶಾಲೆಯ ಅಂಗಳದಲ್ಲಿ ಸಮ ದೂರಕ್ಕೆ 12 ಗಂಟು ಹಾಕಿ ಎರಡು ತುದಿ ಸೇರಿಸಿದ ಒಂದು ಹಗ್ಗ, ಮೂರು ಮಕ್ಕಳು ಇದ್ದರೆ ಪ್ರಮೇಯ ಮತ್ತು ವಿಲೋಮದ ವ್ಯತ್ಯಾಸವನ್ನು ನಿಂತಲ್ಲೇ ತೋರಿಸಬಹುದು.

ಇನ್ನೊಂದು ಬಹಳ ಅಗ್ಗದ ಸಾಮಾನು ಸೈಕಲ್ಲಿನ ವಾಲ್ವ್ ಟ್ಯೂಬು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1970ರ ದಶಕದ ಕೊನೆಯಲ್ಲಿ ಹಳ್ಳಿ ಶಾಲೆಗಳ ವಿಜ್ಞಾನ ಪಾಠದ ಕೆಲಸಕ್ಕೆ ಹೋದ ಎಂಜಿನಿಯರ್ ಅರವಿಂದ ಗುಪ್ತಾ ಇದನ್ನು ಬೆಂಕಿಕಡ್ಡಿಯ ಜೊತೆ ಸೇರಿಸಿ ಆಕಾರ ಕಟ್ಟುವುದನ್ನು ದೇಶಕ್ಕೆಲ್ಲ ಕಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಟ್ಯೂಬಿನ ಸಣ್ಣ ತುಂಡಿನ ಎರಡು ತುದಿಗೆ ಎರಡು ಕಡ್ಡಿ ತುರುಕಿದರೆ ಒಂದು ಮೂಲೆ ಸಿದ್ಧ. ಬೆಂಕಿಕಡ್ಡಿ ಚಿಕ್ಕದು ಅನ್ನಿಸಿದರೆ ಸಮವಾಗಿ ಕತ್ತರಿಸಿದ ಪೊರಕೆ ಕಡ್ಡಿ ಆಗುತ್ತದೆ.

ಮೂರು ಕಡ್ಡಿಯ ತ್ರಿಭುಜ ಕಟ್ಟಿ ಹಿಸುಕಿ. ಅಲುಗುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಕಟ್ಟಿ ಹಿಸುಕಿ. ಕುಸಿದು ವಜ್ರಾಕೃತಿಯಾಗುತ್ತದೆ. ಮೂರು ಬದಿಯ ಉದ್ದ ಗೊತ್ತಾದರೆ ತ್ರಿಭುಜ ಒಂದೇ ರೀತಿ ಇರಲು ಸಾಧ್ಯ. ಪುಸ್ತಕದಲ್ಲಿ ಬಾ.ಬಾ.ಬಾ (ಬಾಹು-ಬಾಹು-ಬಾಹು) ಅಂತ ಬರೆಯುವ ಸರ್ವಸಮತೆಯ ನಿಯಮ ಇದೇ. ನಾಲ್ಕು ಬದಿಗೆ ಅಂಥ ನಿಯಮ ಯಾಕಿಲ್ಲ ಅನ್ನುವುದೂ ಕೈಗೆ ಗೊತ್ತಾಯಿತು. ಕುಸಿಯುವ ಚೌಕಕ್ಕೆ ಒಂದು ಕರ್ಣದ ಕಡ್ಡಿ ಸೇರಿಸಿ, ಗಟ್ಟಿಯಾಗಿ ನಿಲ್ಲುತ್ತದೆ. ಹೈಟೆನ್ಷನ್ ಲೈನಿನ ಕಂಬಗಳಲ್ಲಿ ಅಷ್ಟೊಂದು ತ್ರಿಭುಜ ಯಾಕಿವೆ ಅಂತ ಆಮೇಲೆ ಮಕ್ಕಳೇ ಹೇಳುತ್ತಾರೆ.

ಆ ಕುಸಿಯುವ ಚೌಕ ಇನ್ನೊಂದು ಪಾಠ ಹೇಳುತ್ತದೆ. ಒಂದೊಂದು ಕಡ್ಡಿ 10 ಸೆಂ.ಮೀ ಇದ್ದರೆ ಸುತ್ತಳತೆ ಯಾವಾಗಲೂ 40. ವಿಸ್ತೀರ್ಣ ಮಾತ್ರ 100 ಚದರ ಸೆಂ.ಮೀ.ನಿಂದ ಇಳಿಯುತ್ತಾ ಹೋಗುತ್ತದೆ. ಎತ್ತರ 5 ಸೆಂ.ಮೀ ಆಗುವಷ್ಟು ಓರೆ ಮಾಡಿದರೆ ವಿಸ್ತೀರ್ಣ 50. ಪೂರ್ತಿ ಮಲಗಿಸಿದರೆ ಸೊನ್ನೆ. ಸಮಾಂತರ ಚತುರ್ಭುಜಕ್ಕೆ ಬದಿ ಗುಣಿಸು ಬದಿ ಅನ್ನದೆ ಪಾದ ಗುಣಿಸು ಎತ್ತರ ಅನ್ನುವುದು ಇದಕ್ಕೇ.

ಪೊಟ್ಟಣ ಬಿಚ್ಚಿದಾಗ

ಈಗ ಶಂಕುವಿಗೆ ಬರೋಣ. ಕಡಲೆಕಾಯಿ ಮಾರುವವರು ಕಾಗದವನ್ನು ಸುರುಳಿ ಸುತ್ತಿ ಪೊಟ್ಟಣ ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ಚಪ್ಪಟೆ ಹಾಳೆ ಶಂಕುವಾಗುತ್ತದೆ. ಬಿಚ್ಚಿದರೆ ಮತ್ತೆ ಚಪ್ಪಟೆ. ಸೂತ್ರ ಅಡಗಿರುವುದು ಈ ಬಿಚ್ಚುವುದರಲ್ಲಿ.

ಚಾರ್ಟ್ ಪೇಪರಿನ ಮೇಲೆ 10 ಸೆಂ.ಮೀ ತ್ರಿಜ್ಯದ ವೃತ್ತ ಎಳೆಯಿರಿ. ಅದರಿಂದ 144 ಡಿಗ್ರಿಯ ತುಂಡನ್ನು ಕತ್ತರಿಸಿ ತೆಗೆಯಿರಿ. ಉಳಿದ 216 ಡಿಗ್ರಿಯ ಭಾಗ ನಮಗೆ ಬೇಕು. ಇದಕ್ಕೆ ತ್ರಿಜ್ಯಾಂತರ ಖಂಡ ಅಂತ ಹೆಸರು. ಅದರ ಎರಡು ನೇರ ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಟೇಪು ಹಾಕಿ. ಶಂಕು ಸಿದ್ಧ.

ಬಾಯಿಯ ಅಗಲ ಅಳೆಯಿರಿ. 12 ಸೆಂ.ಮೀ ಬರುತ್ತದೆ, ಅಂದರೆ ತ್ರಿಜ್ಯ 6. ಯಾಕೆ 6? 216 ಡಿಗ್ರಿ ಅಂದರೆ 360ರಲ್ಲಿ ಐದನೇ ಮೂರು ಭಾಗ. ಹಾಗಾಗಿ ಪೂರ್ತಿ ವೃತ್ತದ ಪರಿಧಿಯಲ್ಲಿ ಐದನೇ ಮೂರು ಭಾಗ ಮಾತ್ರ ಬಾಯಿಯ ಸುತ್ತ ಬಂದಿದೆ. 10ರಲ್ಲಿ ಐದನೇ ಮೂರು ಭಾಗ 6.

ಓರೆ ಎತ್ತರ ಎಲ್ಲಿ? ಮೊದಲು ಕೈವಾರದಲ್ಲಿ ಹಿಡಿದ ಆ 10 ಸೆಂ.ಮೀ. ಹಾಳೆ ಚಪ್ಪಟೆ ಇದ್ದಾಗ ಅದರ ಹೆಸರು ತ್ರಿಜ್ಯ; ಸುತ್ತಿದ ಮೇಲೆ ಓರೆ ಎತ್ತರ. ವಸ್ತು ಒಂದೇ, ಹೆಸರು ಬದಲು. ಮಕ್ಕಳು ಎಡವುವುದು ಇಲ್ಲೇ, ಯಾಕೆಂದರೆ ಪುಸ್ತಕದ ಚಿತ್ರದಲ್ಲಿ ಶಂಕು ಆಗಲೇ ಸುತ್ತಿಕೊಂಡಿರುತ್ತದೆ. ಇನ್ನು ವಕ್ರ ಮೇಲ್ಮೈಯ ವಿಸ್ತೀರ್ಣ. ಪೂರ್ತಿ ವೃತ್ತದ್ದು ಪೈ × 10 × 10. ಅದರಲ್ಲಿ ಐದನೇ ಮೂರು ಭಾಗ ಅಂದರೆ ಪೈ × 6 × 10. ಇದೇ ಪೈ × ತ್ರಿಜ್ಯ × ಓರೆ ಎತ್ತರ. ಸೂತ್ರ ಹಾಳೆಯಿಂದಲೇ ಎದ್ದು ಬಂತು.

ಶಂಕುವನ್ನು ಬಾಯಿ ಕೆಳಗೆ ಮಾಡಿ ಮೇಜಿನ ಮೇಲೆ ಕೂರಿಸಿ, ಪಕ್ಕದಲ್ಲಿ ಸ್ಕೇಲು ನಿಲ್ಲಿಸಿ. ನೇರ ಎತ್ತರ 8 ಸೆಂ.ಮೀ. ಈಗ 6, 8, 10 ನೋಡಿ. ಗಾರೆಯವರ 3, 4, 5ರ ಎರಡರಷ್ಟು! ಶಂಕುವಿನ ಹೊಟ್ಟೆಯೊಳಗೆ ಒಂದು ಲಂಬಕೋನ ತ್ರಿಭುಜ ನಿಂತಿದೆ: ಪಾದ ತ್ರಿಜ್ಯ, ನಿಂತದ್ದು ಎತ್ತರ, ಒರಗಿದ್ದು ಓರೆ ಎತ್ತರ.

ಇನ್ನು ರಾಗಿ. 8 ಸೆಂ.ಮೀ ಅಗಲ, 37.7 ಸೆಂ.ಮೀ ಉದ್ದದ ಪಟ್ಟಿಯನ್ನು ಸುತ್ತಿದರೆ ಅದೇ ತ್ರಿಜ್ಯ, ಅದೇ ಎತ್ತರದ ಸಿಲಿಂಡರ್ ಆಗುತ್ತದೆ. ಅಂಟಿಸಲು ಒಂದು ಸೆಂ.ಮೀ ಜಾಸ್ತಿ ಬಿಡಿ. ಅಡಿಗೆ ಒಂದು ಕಾಗದದ ತಳ. ಎಷ್ಟು ಶಂಕು ರಾಗಿ ಸುರಿದರೆ ಸಿಲಿಂಡರ್ ತುಂಬೀತು ಅಂತ ಮೊದಲು ಊಹಿಸಲು ಹೇಳಿ. ಎರಡು ಅನ್ನುವವರೇ ಜಾಸ್ತಿ. ಸುರಿದು ನೋಡಿದರೆ ಮೂರು. ಶಂಕುವಿನ ಘನಫಲದಲ್ಲಿ ಮೂರನೇ ಒಂದು ಯಾಕಿದೆ ಅಂತ ಯಾರೂ ಮತ್ತೆ ಮರೆಯುವುದಿಲ್ಲ.

ರಾಗಿ "ಮೂರು" ಅಂತ ಹೇಳಿತು. "ಯಾಕೆ ಮೂರು" ಅಂತ ಹೇಳಲಿಲ್ಲ. ಅದಕ್ಕೆ ಇನ್ನೊಂದು ಮಾದರಿ ಬೇಕು. 10 ಸೆಂ.ಮೀ ಚೌಕದ ತಳ, ಅದರ ಒಂದು ಮೂಲೆಯ ನೇರ ಮೇಲೆ 10 ಸೆಂ.ಮೀ ಎತ್ತರದಲ್ಲಿ ತುದಿ ಇರುವ ಓರೆ ಪಿರಮಿಡ್ಡನ್ನು ಕಾಗದದಲ್ಲಿ ಮಾಡಿ. ಇಂಥ ಮೂರು ಪಿರಮಿಡ್ಡುಗಳನ್ನು ತುದಿಗೆ ತುದಿ ಸೇರಿಸಿ ಜೋಡಿಸಿದರೆ ಸರಿಯಾಗಿ ಒಂದು ಘನ! ಒಂದೇ ಆಕಾರದ ಮೂರು ತುಂಡು ಸೇರಿ ಒಂದು ಘನವಾದರೆ ಒಂದು ತುಂಡು ಮೂರನೇ ಒಂದು ಭಾಗವೇ ಆಗಬೇಕು. ಚೌಕದ ತಳದಿಂದ ದುಂಡು ತಳಕ್ಕೆ ಹೋಗಲು 17ನೇ ಶತಮಾನದ ಇಟಲಿಯ ಗಣಿತಜ್ಞ ಕವಲಿಯೇರಿಯ ಮಾತು ನೆರವಿಗೆ ಬರುತ್ತದೆ: ಎರಡು ಆಕೃತಿಗಳ ಎತ್ತರ ಒಂದೇ ಇದ್ದು, ಪ್ರತಿ ಮಟ್ಟದಲ್ಲೂ ಪದರದ ವಿಸ್ತೀರ್ಣ ಒಂದೇ ಇದ್ದರೆ ಘನಫಲವೂ ಒಂದೇ. ನಾಣ್ಯಗಳ ಕಂಬವನ್ನು ಓರೆಯಾಗಿ ತಳ್ಳಿದರೂ ನಾಣ್ಯ ಅಷ್ಟೇ ಇರುತ್ತವಲ್ಲ, ಹಾಗೆ.

ಗೋಳಕ್ಕೂ ಇಂಥ ಚೆಂದದ ಲೆಕ್ಕವಿದೆ. ಅಗಲವೂ ಎತ್ತರವೂ ಒಂದೇ ಇರುವ ಶಂಕು, ಗೋಳ, ಸಿಲಿಂಡರ್ ತೆಗೆದುಕೊಂಡರೆ ಘನಫಲಗಳು 1, 2, 3ರ ಲೆಕ್ಕದಲ್ಲಿರುತ್ತವೆ. ಗೋಳ ಮತ್ತು ಸಿಲಿಂಡರಿನ ಸಂಬಂಧ ಕಂಡುಹಿಡಿದ ಆರ್ಕಿಮಿಡೀಸ್‌ಗೆ ಅದು ಎಷ್ಟು ಮೆಚ್ಚುಗೆಯಾಗಿತ್ತು ಅಂದರೆ, ಅವನ ಸಮಾಧಿಯ ಮೇಲೆ ಆ ಎರಡು ಆಕೃತಿಗಳನ್ನೇ ಇಟ್ಟಿದ್ದರು.

ಮಡಚಿದ ಹಾಳೆಯಲ್ಲಿ ಸೋಮನಾಥಪುರ

ಮದ್ರಾಸಿನಲ್ಲಿ 1893ರಲ್ಲಿ ಟಿ. ಸುಂದರ ರಾವ್ ಅನ್ನುವವರು ಕಾಗದ ಮಡಚಿ ರೇಖಾಗಣಿತ ಕಲಿಯುವ ಬಗ್ಗೆ ಇಡೀ ಪುಸ್ತಕ ಬರೆದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತಮ್ಮ ಬರಹದಲ್ಲಿ ಹೆಸರಿಸಿದ ಮೇಲೆ ಅದು ಹೊರದೇಶಗಳಲ್ಲೂ ಹೆಸರಾಯಿತು. ಕಾಗದದ ಮಡಿಕೆ ಎಷ್ಟು ಒಳ್ಳೆಯ ಸಾಧನ ನೋಡಿ: ಮಡಿಕೆ ತಾನಾಗಿ ನೇರ ರೇಖೆ. ಆ ರೇಖೆಯನ್ನು ಅದರ ಮೇಲೇ ಮಡಚಿದರೆ 90 ಡಿಗ್ರಿ. ಇನ್ನೊಮ್ಮೆ ಅರ್ಧ ಮಾಡಿದರೆ 45. ಮತ್ತೊಮ್ಮೆ ಮಾಡಿದರೆ 22.5. ಕೋನಮಾಪಕ ಮುಟ್ಟಲೇ ಇಲ್ಲ.

ಈ 22.5 ಡಿಗ್ರಿ ನಮ್ಮ ಜಿಲ್ಲೆಯ ಕಲ್ಲಿನಲ್ಲೇ ಇದೆ. 1258ರಲ್ಲಿ ಕಟ್ಟಿದ ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಅದನ್ನು ಮನೆಯಲ್ಲಿ ಮಾಡಬಹುದು. ಒಂದೇ ಅಳತೆಯ 4 ಚೌಕಗಳನ್ನು ಕತ್ತರಿಸಿ, ನಡುವೆ ಗುಂಡುಪಿನ್ನು ಚುಚ್ಚಿ, ಒಂದಕ್ಕಿಂತ ಇನ್ನೊಂದನ್ನು 22.5 ಡಿಗ್ರಿ ತಿರುಗಿಸಿ. 4 ಚೌಕ, ತಲಾ 4 ಮೂಲೆ, ಒಟ್ಟು 16. ಐದನೇ ಚೌಕವನ್ನು ಅಷ್ಟೇ ತಿರುಗಿಸಿದರೆ ಅದು ಮೊದಲನೆಯದರ ಮೇಲೆ ಸರಿಯಾಗಿ ಕೂರುತ್ತದೆ, ಯಾಕೆಂದರೆ ಅಷ್ಟರಲ್ಲಿ ಒಟ್ಟು 90 ಡಿಗ್ರಿ ತಿರುಗಿರುತ್ತದೆ. ಸಮಮಿತಿ ಅನ್ನುವ ಪದವನ್ನು ಇದಕ್ಕಿಂತ ಸುಲಭವಾಗಿ ಹೇಗೆ ವಿವರಿಸುವುದು ನನಗೆ ಗೊತ್ತಿಲ್ಲ. ಶಾಲಾ ಪ್ರವಾಸಕ್ಕೆ ಅಲ್ಲಿಗೆ ಹೋಗುವ ಮುಂಚೆ ಇದನ್ನು ಮಾಡಿಕೊಂಡು ಹೋದರೆ ಮಕ್ಕಳು ಗೋಡೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಬೆಲ್ಲದ ಅಚ್ಚು ದೊಡ್ಡದಾದರೆ

ಮಂಡ್ಯದ ಮಕ್ಕಳಿಗೆ ಬೆಲ್ಲದ ಆಕಾರಗಳು ಗೊತ್ತು. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಉಂಡೆ ಬೆಲ್ಲ. ಬಕೆಟ್ ಬೆಲ್ಲ ಅಂದರೆ ತುದಿ ಕತ್ತರಿಸಿದ ಶಂಕು, ಗಣಿತದಲ್ಲಿ ಶಂಕುವಿನ ಭಿನ್ನಕ. ಒಂದು ಪ್ರಶ್ನೆ ಕೇಳಿ: ಚೌಕದ ಅಚ್ಚಿನ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ಬೆಲ್ಲ ಎಷ್ಟು ಪಟ್ಟು ಬೇಕು? "ಎರಡು ಪಟ್ಟು" ಅಂತ ಬಾಯಿಗೆ ಬರುತ್ತದೆ. ಸಕ್ಕರೆ ಘನಗಳನ್ನೋ ಲೂಡೋ ದಾಳಗಳನ್ನೋ ಜೋಡಿಸಿ ನೋಡಿದರೆ 8 ಬೇಕು. ಕೆಳಗೆ 4, ಮೇಲೆ 4. ಶಿಶುವಿಹಾರ ಅನ್ನುವ ಕಲ್ಪನೆ ಕೊಟ್ಟ ಜರ್ಮನಿಯ ಫ್ರೋಬೆಲ್ 1830ರ ದಶಕದಲ್ಲಿ ಮಕ್ಕಳಿಗಾಗಿ ಮಾಡಿದ ಮರದ ಆಟಿಕೆಗಳಲ್ಲಿ ಒಂದು ಇದೇ: 8 ಪುಟ್ಟ ಘನಗಳಾಗಿ ಬಿಚ್ಚಿಕೊಳ್ಳುವ ಒಂದು ಘನ.

ಕಣ್ಣು ಕಾಣದ ಮಗು ಘನವನ್ನು ಅರಿಯುವುದು ಹೇಗೆ?

ಮೈಸೂರಿನ ತಿಲಕ್‌ನಗರದಲ್ಲಿ ಅಂಧ ಮಕ್ಕಳ ಸರ್ಕಾರಿ ಶಾಲೆ ಇದೆ. ಹಾಗಾಗಿ ಇದು ನಮ್ಮ ಊರಿಗೆ ದೂರದ ಪ್ರಶ್ನೆಯಲ್ಲ.

ಕಣ್ಣು ಇಡೀ ಆಕಾರವನ್ನು ಒಂದೇ ನೋಟದಲ್ಲಿ ಹಿಡಿಯುತ್ತದೆ. ಬೆರಳು ಹಾಗಲ್ಲ. ಒಂದು ಅಂಚಿನಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಿ, ದಾರಿ ನೆನಪಿಟ್ಟು, ಆಮೇಲೆ ಒಟ್ಟು ಮಾಡಿಕೊಳ್ಳುತ್ತದೆ. ಅದಕ್ಕೆ ಮಾದರಿ ಎರಡು ಕೈಯೊಳಗೆ ಹಿಡಿಯುವಷ್ಟಿರಬೇಕು. ತೀರಾ ದೊಡ್ಡದಾದರೆ ದಾರಿ ತಪ್ಪುತ್ತದೆ, ತೀರಾ ಚಿಕ್ಕದಾದರೆ ಮೂಲೆಗಳು ಒಂದಕ್ಕೊಂದು ಬೆರೆತು ಹೋಗುತ್ತವೆ. ಚಿತ್ರವಾದರೆ ಗೆರೆಗಳು ಉಬ್ಬಿರಬೇಕು. ಉಣ್ಣೆಯ ದಾರವನ್ನು ಗೋಂದಿನಿಂದ ಅಂಟಿಸಿದರೆ ಸಾಕು. ತ್ರಿಜ್ಯಕ್ಕೆ ಉಣ್ಣೆ, ಪರಿಧಿಗೆ ಒರಟು ಹುರಿ ಅಂತ ಬೇರೆ ಬೇರೆ ಇಟ್ಟರೆ ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ. ರಬ್ಬರ್ ಹಾಸಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿ ಬರೆದರೆ ಗೆರೆ ಉಬ್ಬುವ ಸಾಧನವೂ ಇದೆ.

ಆದರೆ ಬೋರ್ಡ್ ಮೇಲಿನ ಆ ಓರೆ ಘನದ ಚಿತ್ರವನ್ನು ಹಾಗೇ ಉಬ್ಬು ಗೆರೆಯಲ್ಲಿ ಕೊಟ್ಟರೆ ಪ್ರಯೋಜನವಿಲ್ಲ. ದೂರದ್ದು ಓರೆಯಾಗಿ ಕಾಣುತ್ತದೆ ಅನ್ನುವುದು ಕಣ್ಣಿನ ನಿಯಮ. ಬೆರಳಿಗೆ ಹಿಂದಿನ ಮುಖವೂ ಮುಂದಿನದರಷ್ಟೇ ಚೌಕ. ಹುಟ್ಟಿನಿಂದ ಕಣ್ಣು ಕಾಣದ ಮಗುವಿಗೆ ಆ ಚಿತ್ರ ತಪ್ಪು ಚಿತ್ರ. ಅದಕ್ಕೆ ಘನವನ್ನೇ ಕೊಡಬೇಕು, ಇಲ್ಲವೇ ಘನವನ್ನು ಬಿಚ್ಚಿ ಹರಡಿದ 6 ಚೌಕಗಳ ಜಾಲವನ್ನು ಕೊಡಬೇಕು. ಹೀಗೆ ಯೋಚಿಸಿದಾಗ ಒಂದು ವಿಷಯ ಹೊಳೆಯುತ್ತದೆ. ಘನದ ಗುಣಗಳಿಗೆ ಬೋರ್ಡಿನ ಚಿತ್ರಕ್ಕಿಂತ ಬೆರಳೇ ಹೆಚ್ಚು ನಿಷ್ಠ.

ನ್ಯೂಟನ್ ಕೂತಿದ್ದ ಕೇಂಬ್ರಿಡ್ಜಿನ ಗಣಿತ ಪೀಠಕ್ಕೆ 1711ರಲ್ಲಿ ಬಂದ ನಿಕೋಲಸ್ ಸಾಂಡರ್ಸನ್, ಸಿಡುಬಿನಿಂದ ಎಳೆಮಗುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ರಂಧ್ರಗಳಿರುವ ಹಲಗೆಗೆ ಪಿನ್ನು ಚುಚ್ಚಿ, ಪಿನ್ನುಗಳ ಸುತ್ತ ದಾರ ಸುತ್ತಿ ಆಕೃತಿಗಳನ್ನು ಬೆರಳಿನಿಂದ ಓದುತ್ತಿದ್ದರು. ಇಂದು ಶಾಲೆಗಳಲ್ಲಿ ಜಿಯೋಬೋರ್ಡ್ ಅನ್ನುವ ಮೊಳೆ ಹಲಗೆಗೂ ಇದಕ್ಕೂ ಬಹಳ ಹೋಲಿಕೆ ಇದೆ. ನಮ್ಮ ಮನೆಮುಂದಿನ ಚುಕ್ಕಿ ರಂಗೋಲಿಯೂ ಅದೇ ಜಾತಿಯದು. ಚುಕ್ಕಿಯ ಜಾಗದಲ್ಲಿ ಮೊಳೆ, ಗೆರೆಯ ಜಾಗದಲ್ಲಿ ರಬ್ಬರ್ ಬ್ಯಾಂಡು ಇಟ್ಟರೆ ರಂಗೋಲಿ ಬೆರಳಿಗೂ ಸಿಗುತ್ತದೆ.

ಫ್ರಾನ್ಸಿನ ಗಣಿತಜ್ಞ ಬರ್ನಾರ್ಡ್ ಮೊರೆನ್ ಕಥೆ ಇನ್ನೂ ಸೋಜಿಗದ್ದು. ಆರನೇ ವಯಸ್ಸಿಗೆ ಕಣ್ಣು ಹೋಯಿತು. ಗೋಳದ ಮೇಲ್ಮೈಯನ್ನು, ತನ್ನನ್ನೇ ದಾಟಿ ಹೋಗಲು ಬಿಟ್ಟು, ಎಲ್ಲೂ ಮುರಿಯದೆ ಮಡಿಕೆ ಬೀಳದೆ ಒಳಗು ಹೊರಗು ಮಾಡಬಹುದು ಅನ್ನುವ ಫಲಿತಾಂಶ 1950ರ ದಶಕದಲ್ಲಿ ಸಿದ್ಧವಾಗಿತ್ತು. ಅದು ಹೇಗೆ ನಡೆಯುತ್ತದೆ ಅಂತ ಮನಸ್ಸಿನಲ್ಲಿ ಕಾಣುವುದು ಕಣ್ಣಿರುವ ಗಣಿತಜ್ಞರಿಗೇ ಕಷ್ಟವಾಗಿತ್ತು. ಮೊರೆನ್ 1960ರ ದಶಕದಲ್ಲಿ ಅದಕ್ಕೆ ಒಂದು ದಾರಿ ಕಂಡುಕೊಂಡರು. ನಡುವಿನ ಹಂತಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ಬೇರೆಯವರಿಗೆ ತೋರಿಸಿದರು.

64 ಹೇಗೆ 65 ಆಯಿತು?

ಇಷ್ಟೆಲ್ಲ ಹೇಳಿದ ಮೇಲೆ ಮಾದರಿ ಎಲ್ಲಿ ಮೋಸ ಮಾಡುತ್ತದೆ ಅಂತಲೂ ಹೇಳಬೇಕು.

8 ಸೆಂ.ಮೀ ಬದಿಯ ಚೌಕ ಕತ್ತರಿಸಿ. ವಿಸ್ತೀರ್ಣ 64. ಅದನ್ನು 8 × 3 ಮತ್ತು 8 × 5ರ ಎರಡು ಪಟ್ಟಿ ಮಾಡಿ. ಚಿಕ್ಕ ಪಟ್ಟಿಯನ್ನು ಕರ್ಣದ ಮೇಲೆ ಕತ್ತರಿಸಿ ಎರಡು ತ್ರಿಭುಜ ಮಾಡಿ. ದೊಡ್ಡ ಪಟ್ಟಿಯನ್ನು, ಒಂದು ಉದ್ದ ಅಂಚಿನಲ್ಲಿ 3 ಸೆಂ.ಮೀ ಮತ್ತು ಎದುರು ಅಂಚಿನಲ್ಲಿ 5 ಸೆಂ.ಮೀ ಬರುವಂತೆ ಓರೆಯಾಗಿ ಕತ್ತರಿಸಿ ಎರಡು ತ್ರಾಪಿಜ್ಯ ಮಾಡಿ. ಈ ನಾಲ್ಕು ತುಂಡನ್ನು ಬೇರೆ ರೀತಿ ಜೋಡಿಸಿದರೆ 13 × 5ರ ಆಯತ ಬರುತ್ತದೆ. 13 × 5 ಅಂದರೆ 65! ಒಂದು ಚದರ ಸೆಂ.ಮೀ ಎಲ್ಲಿಂದ ಬಂತು?

ಕೈ ಇದನ್ನು ಹಿಡಿಯಲಾರದು. ಕಾಗದ ಸರಿಯಾಗಿಯೇ ಕೂತಂತೆ ಕಾಣುತ್ತದೆ. ಲೆಕ್ಕ ಹಿಡಿಯುತ್ತದೆ. ತ್ರಿಭುಜದ ಓರೆ 8ಕ್ಕೆ 3, ಅಂದರೆ 0.375. ತ್ರಾಪಿಜ್ಯದ ಓರೆ 5ಕ್ಕೆ 2, ಅಂದರೆ 0.4. ಎರಡೂ ಒಂದೇ ಅಲ್ಲ. ಹಾಗಾಗಿ ನೇರವಾಗಿ ಕಂಡ ಕರ್ಣ ನೇರವಲ್ಲ. ನಡುವೆ ಕೂದಲೆಳೆಯಂಥ ಒಂದು ಬಿರುಕಿದೆ. ಅದರ ವಿಸ್ತೀರ್ಣ ಸರಿಯಾಗಿ 1.

ತ್ರಿಭುಜದ ಮೂರು ಮೂಲೆ ಹರಿದು ಒಟ್ಟಿಗೆ ಇಟ್ಟರೆ ನೇರ ಗೆರೆ ಬರುತ್ತದಲ್ಲ, ಆ ಚಟುವಟಿಕೆಗೂ ಇದೇ ಮಿತಿ. ಒಂದು ತ್ರಿಭುಜದಲ್ಲಿ, ಕಣ್ಣಿಗೆ ಕಾಣುವ ಮಟ್ಟಿಗೆ, ಸುಮಾರು 180 ಅಂತ ಅದು ಹೇಳುತ್ತದೆ. ಎಲ್ಲ ತ್ರಿಭುಜಗಳಲ್ಲೂ ಸರಿಯಾಗಿ 180 ಅಂತ ಹೇಳಲು, ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದು ಪರ್ಯಾಯ ಕೋನಗಳ ಮೂಲಕ ಸಾಧಿಸಬೇಕು. ಮಾದರಿ ಊಹೆ ಕೊಡುತ್ತದೆ, ಸಾಧನೆ ಖಾತ್ರಿ ಕೊಡುತ್ತದೆ. ಹೈಸ್ಕೂಲಿನಲ್ಲಿ ಈ 64-65ರ ಆಟವನ್ನು ಎಲ್ಲ ಮಕ್ಕಳೂ ಒಮ್ಮೆ ಆಡಬೇಕು ಅಂತ ನನಗೆ ಬಹಳ ಆಸೆ.

ಮನೆಯಲ್ಲಿ ಮಾಡುವುದಾದರೆ

ಮೊದಲು ಊಹೆ, ಆಮೇಲೆ ಕೈಕೆಲಸ. ಊಹಿಸದೆ ಸುರಿದ ರಾಗಿ ಸುಮ್ನೆ ರಾಗಿ. ಕೈಕೆಲಸ ಮುಗಿದ ತಕ್ಷಣ ಅದೇ ವಸ್ತುವಿನ ಚಿತ್ರ ಬರೆಯಲಿ, ಅಳತೆಗಳನ್ನು ಗುರುತಿಸಲಿ. ಸೂತ್ರ ಬರುವುದು ಕೊನೆಗೆ. ವಸ್ತು, ಚಿತ್ರ, ಚಿಹ್ನೆ ಅನ್ನುವ ಈ ಸಾಲನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದ್ದರು. ಚಿತ್ರದ ಹಂತವನ್ನು ಬಿಟ್ಟರೆ ಪರೀಕ್ಷೆಯ ಹಾಲ್‌ನಲ್ಲಿ ಮಗುವಿಗೆ ಕಷ್ಟವಾಗುತ್ತದೆ, ಅಲ್ಲಿ ಶಂಕು ಕೈಯಲ್ಲಿರುವುದಿಲ್ಲವಲ್ಲ. ಇನ್ನೊಂದು ಮಾತು: ಅಂಟಿಸುವುದು ವಕ್ರವಾದರೂ ಪರವಾಗಿಲ್ಲ, ಮಗುವೇ ಕತ್ತರಿಸಲಿ. 40 ಮಕ್ಕಳ ತರಗತಿಯಲ್ಲಿ ಮೇಷ್ಟ್ರ ಕೈಯಲ್ಲಿ ಒಂದು ದೊಡ್ಡ ಮಾದರಿ ಇರುವುದಕ್ಕಿಂತ, ನಾಲ್ಕು ಮಕ್ಕಳಿಗೆ ಒಂದರಂತೆ 10 ಸಣ್ಣ ಮಾದರಿ ಇರುವುದು ಮೇಲು.

ಪಕ್ಕದ ಮನೆಯ ಹುಡುಗಿ ಮುಂದಿನ ಭಾನುವಾರ ಬಂದಳು. ಅವಳ ಥರ್ಮೋಕೋಲ್ ಶಂಕು ಶಾಲೆಯ ಬೀರುವಿನ ಮೇಲಿತ್ತು. ಹಾಗಾಗಿ ಹೊಸದು ಮಾಡಿದೆವು, 10 ಸೆಂ.ಮೀ, 216 ಡಿಗ್ರಿ. ಟೇಪು ಹಾಕುವ ಮುಂಚೆ ಹಾಳೆಯ ನೇರ ಅಂಚಿನ ಮೇಲೆ ಅವಳೇ ಪೆನ್ಸಿಲಿನಲ್ಲಿ "ಓರೆ ಎತ್ತರ" ಅಂತ ಬರೆದಳು. ರಾಗಿ ಸುರಿದಾಗ ಮೂರನೇ ಶಂಕು ಮುಗಿದರೂ ಸಿಲಿಂಡರಿನ ಬಾಯಿಯಲ್ಲಿ ಅರ್ಧ ಬೆರಳಿನಷ್ಟು ಜಾಗ ಉಳಿಯಿತು. ನಾನು ಏನೂ ಹೇಳಲಿಲ್ಲ. ಅವಳು ಸಿಲಿಂಡರನ್ನು ಎತ್ತಿ ಅಡಿ ನೋಡಿದಳು. "ಆಂಟಿ, ತಳ ಕೆಳಗೆ ಉಬ್ಬಿದೆ. ಇಲ್ಲಿ ಎಷ್ಟು ರಾಗಿ ಹೋಗಿದೆ ಅಂತ ಲೆಕ್ಕ ಹಾಕೋಕಾಗುತ್ತಾ?" ಅಂದಳು.